ಗೋಡೆಯ ದಪ್ಪ, ಗೋಡೆಯ ಎತ್ತರ

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ನೆಲ ಆಗಾಗ ನಡುಗತೊಡಗಿತು. ದೊಡ್ಡದೇನಲ್ಲ. ಡಬ್ಬಿಯ ಮುಚ್ಚಳ ಟಣ್ ಎನ್ನುವುದು, ಬಾಗಿಲ ಚಿಲಕ ತಾನೇ ಬಡಿದುಕೊಳ್ಳುವುದು, ಅಷ್ಟೇ. ವಿಜಯಪುರದ ಜೋರಾಪುರ ಪೇಟೆಯ ನನ್ನ ಮನೆಯಲ್ಲಿ ಎಷ್ಟೋ ಸಲ ನನಗೆ ಗೊತ್ತೇ ಆಗುತ್ತಿರಲಿಲ್ಲ. ಬಬಲೇಶ್ವರದಲ್ಲಿರುವ ನನ್ನ ಅಕ್ಕನಿಗೆ ಮಾತ್ರ ಪ್ರತಿಯೊಂದೂ ಗೊತ್ತಾಗುತ್ತಿತ್ತು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ತಂಗಿ ಓದಲಿ ಎಂದು ತಾನು ಹೊಲಿಗೆ ಯಂತ್ರದ ಮುಂದೆ ಕೂತವಳು. ನಾನು ಕಲಿತದ್ದರಲ್ಲಿ ತನಗೂ ಪಾಲಿದೆ ಎಂದು ಅವಳು ನಂಬಿದ್ದಾಳೆ. ಅದು ಸುಳ್ಳೂ ಅಲ್ಲ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಕಿರುಪರೀಕ್ಷೆಯ ಹಾಳೆ ತಿದ್ದುತ್ತಿದ್ದೆ. ಅಕ್ಕನ ಫೋನು ಬಂತು. ಯಾರದೋ ಮದುವೆಯ ಕುಪ್ಪಸದ ವಿಷಯ ಹೇಳುತ್ತಿದ್ದವಳು ನಡುವೆಯೇ ಕೂಗಿದಳು.

"ಬಂತ ಬೇ, ಮತ್ತ ಬಂತು! ಭಾಂಡೆ ಎಲ್ಲಾ ಅಲ್ಲಾಡಾಕತ್ತಾವ!"

"ಹೊರಗ ಹೋಗಕ್ಕಾ, ಮೊದಲ ಹೊರಗ ಹೋಗು!"

ಅವಳ ದನಿಯ ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಇತ್ತ ನನ್ನ ಮೇಜಿನ ಮೇಲಿನ ಲೋಟದಲ್ಲಿ ನೀರು ಅಲುಗಾಡಿರಲಿಲ್ಲ. ನನಗೇ ಗೊತ್ತಿಲ್ಲದೆ ಎಣಿಸತೊಡಗಿದೆ. ಒಂದು, ಎರಡು, ಮೂರು. ಐದು ಮುಗಿಯುತ್ತಿದ್ದಂತೆ ಕಿಟಕಿಯ ಗಾಜು ಝಲ್ಲೆಂದಿತು. ಲೋಟದ ನೀರಿನ ಮೇಲೆ ಸಣ್ಣ ಬಳೆಗಳು ಎದ್ದವು, ಮಾಯವಾದವು.

ಸುದ್ದಿ ಮೊದಲು ಬಂದಿತ್ತು, ನಡುಕ ಆಮೇಲೆ ಬಂತು. ನಡುವಿನ ಆ ಐದು ಸೆಕೆಂಡು ಇಡೀ ಕಾಲೇಜಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆಚೆಯ ಕೋಣೆಗಳ ತುಂಬ ಮಕ್ಕಳಿದ್ದರು. ನಾನು ಏಳಲಿಲ್ಲ, ಕೂಗಲಿಲ್ಲ. ಫೋನು ಕಿವಿಗೆ ಒತ್ತಿಕೊಂಡು ಎಣಿಸುತ್ತ ಕೂತಿದ್ದೆ.

ಮರುದಿನ ತರಗತಿಯಲ್ಲಿ ಆಯಾಮ ವಿಶ್ಲೇಷಣೆಯ ಪಾಠ ಇತ್ತು. ಯಾವುದೇ ಅಳತೆಯನ್ನು ಉದ್ದ, ದ್ರವ್ಯರಾಶಿ, ಕಾಲ ಎಂದು ಬಿಡಿಸಿ, ಆ ತುಂಡುಗಳು ಹೊಂದುವಂತೆ ಜೋಡಿಸಿದರೆ ಗೊತ್ತಿಲ್ಲದ ಇನ್ನೊಂದು ಅಳತೆಯ ಅಂದಾಜು ಸಿಗುತ್ತದೆ. ಪ್ರಯೋಗಶಾಲೆ ಬೇಡ, ಯಂತ್ರ ಬೇಡ. ಟಿಕೋಟಾದಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ನಿನ್ನೆ ನಮ್ಮವ್ವ ಫೋನ್ ಹಚ್ಚಿದ್ಲರಿ. ನಮ್ಮೂರಾಗ ಮೊದಲ ಬಂತಂತ. ಇಲ್ಲಿಗಿ ಬರಾಕ ಯಾಕ ತಡಾ ಆತ್ರಿ?"

ನಾನು ಬೋರ್ಡಿನ ಕಡೆ ತಿರುಗಿದೆ. ಎರಡು ಪರಮಾಣುಗಳನ್ನು ಹಿಡಿದಿಡುವ ಶಕ್ತಿ ಇಷ್ಟು. ಒಂದು ಪರಮಾಣು ಹಿಡಿಯುವ ಜಾಗ ಇಷ್ಟು. ಶಕ್ತಿಯನ್ನು ಜಾಗದಿಂದ ಭಾಗಿಸಿದರೆ ಬರುವುದು ಒತ್ತಡದ ಆಯಾಮ, ಅಂದರೆ ಕಲ್ಲಿನ ಬಿಗುವು. ಅದನ್ನು ಕಲ್ಲಿನ ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವುದು ವೇಗ. ಸೆಕೆಂಡಿಗೆ ಸುಮಾರು ಐದಾರು ಕಿಲೋಮೀಟರು. ಕಣ್ಣಿಗೆ ಕಾಣದ ಕಣದಿಂದ ಹೊರಟು ನಾಲ್ಕು ಸಾಲಿನಲ್ಲಿ ನಮ್ಮ ಕಾಲ ಕೆಳಗಿನ ಬಂಡೆಗೆ ಬಂದಿದ್ದೆವು. ನಡುಕ ಬಬಲೇಶ್ವರದ ಕಡೆ ಹುಟ್ಟಿತು, ಅಲ್ಲಿಂದ ವಿಜಯಪುರಕ್ಕೆ ಇಪ್ಪತ್ತೈದು ಕಿಲೋಮೀಟರು ಎಂದು ಹಿಡಿದರೆ ಐದು ಸೆಕೆಂಡು. ಮಕ್ಕಳು ಬೆರಗಾಗಿ ನೋಡಿದರು. ನನಗೂ ಒಳಗೊಳಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಎಚ್ಚರಿಕೆಯನ್ನೂ ಹೇಳಿದೆ. ಈ ವಿಧಾನ ಸುಮಾರಿನ ಉತ್ತರ ಕೊಡುತ್ತದೆ. ಸೂತ್ರದ ಮುಂದೆ ನಿಲ್ಲಬೇಕಾದ ಬರಿಯ ಸಂಖ್ಯೆ ಅರ್ಧವೋ, ಎರಡೋ, ಹತ್ತೋ, ಅದನ್ನು ಇದು ಹೇಳಲಾರದು. ಮಕ್ಕಳು ಅದನ್ನೂ ಬರೆದುಕೊಂಡರು.

ಆ ಭಾನುವಾರ ಬಬಲೇಶ್ವರಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಮೂರು ಕಲ್ಲಿಟ್ಟು ಅಡಿಗೆ ಮಾಡುತ್ತಿದ್ದಳು. ಹೊಲಿಗೆ ಯಂತ್ರವೂ ಹೊರಗೆ, ತಗಡಿನ ತುಂಡೊಂದರ ಕೆಳಗೆ ಇತ್ತು. ಎಂಟು ದಿನದಿಂದ ಅವಳು ಮನೆಯೊಳಗೆ ಕಾಲಿಟ್ಟಿರಲಿಲ್ಲ. ಅವಳ ಗಂಡ, ನಮ್ಮ ಮಾವ, ಟಂಟಂ ಆಟೋ ಓಡಿಸುತ್ತಾರೆ. ಅವರು ಬೇಸತ್ತಿದ್ದರು.

"ನಮ್ಮ ಮುತ್ಯಾ ಕಟ್ಟಿಸಿದ ಮನಿ ಇದು. ಎರಡ ಫೂಟಿನ ಕಲ್ಲಿನ ಗ್ವಾಡಿ. ನಿಮ್ಮಕ್ಕ ನೋಡಿದ್ರ ಮಂದಿ ಮುಂದ ಅಂಗಳದಾಗ ಒಲಿ ಹೂಡ್ಯಾಳ. ನೀನರ ಹೇಳವಾ."

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಮತ್ತ ಬರತೈತೇನು?"

"ಗೊತ್ತಿಲ್ಲಕ್ಕಾ."

"ಬಂದ್ರ ಯಾವಾಗ ಬರತೈತಿ?"

"ಅದೂ ಗೊತ್ತಿಲ್ಲ. ಯಾರಿಗೂ ಗೊತ್ತಾಗೂದಿಲ್ಲ."

"ಮತ್ತ ಇಷ್ಟ ವರ್ಷ ಏನ ಓದಿದಿ ಬೇ?"

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಬರಿಗೈಯಲ್ಲಿ ನಿಂತಂತೆ ನಾಚಿಕೆಯಾಯಿತು. ಏನಾದರೂ ಕೊಡಬೇಕಿತ್ತು ನನಗೆ. ಅವಳ ಕೊರಳಲ್ಲಿದ್ದ ಅಳತೆ ಟೇಪು ಇಸಿದುಕೊಂಡು ಒಳಗೆ ಹೋದೆ. ಅಡಿಗೆ ಮನೆಯ ಗೋಡೆಯ ದಪ್ಪ ಎರಡು ಅಡಿ, ಎತ್ತರ ಹತ್ತು ಅಡಿ. ಇಂಥ ಗೋಡೆ ಉರುಳಬೇಕಾದರೆ ನೆಲ ಅದನ್ನು ಪಕ್ಕಕ್ಕೆ ಎಷ್ಟು ಜೋರಾಗಿ ಜಗ್ಗಬೇಕು? ದಪ್ಪವನ್ನು ಎತ್ತರದಿಂದ ಭಾಗಿಸಿದರೆ ಸಿಗುತ್ತದೆ: ಭೂಮಿ ನಮ್ಮನ್ನು ಕೆಳಕ್ಕೆ ಎಳೆಯುವ ಬಲದ ಐದನೇ ಒಂದು ಪಾಲು. ನಮ್ಮಲ್ಲಿ ಬರುತ್ತಿದ್ದ ಸಣ್ಣ ನಡುಕಗಳು ಅದರ ಹತ್ತಿರಕ್ಕೂ ಬರುವಂಥವಲ್ಲ. ಕುಪ್ಪಸದ ಅಳತೆ ಬರೆಯುವ ಅವಳ ವಹಿಯ ಹಿಂದಿನ ಪುಟದಲ್ಲಿ ಇದನ್ನು ಬರೆದು ತೋರಿಸಿದೆ.

"ಇಂಥಾ ಸಣ್ಣದಕ್ಕ ಈ ಗ್ವಾಡಿ ಬೀಳೂದಿಲ್ಲಕ್ಕಾ."

"ಖರೇ?"

"ಖರೇ."

ತರಗತಿಯಲ್ಲಿ ಹೇಳಿದ್ದ ಎಚ್ಚರಿಕೆಯನ್ನು ಅಲ್ಲಿ ಹೇಳಲಿಲ್ಲ. ಮಾವ ನಕ್ಕರು. ಅಕ್ಕ ಆ ಸಂಜೆಯೇ ಒಲೆ ಒಳಗಿಟ್ಟಳು.

ಹನ್ನೆರಡು ದಿನ ಏನೂ ಆಗಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಅಕ್ಕ ರೊಟ್ಟಿ ಬಡಿಯುತ್ತಿರುವಾಗ ನೆಲ ನಡುಗಿತು. ಎದ್ದು ಬಾಗಿಲ ಕಡೆ ಓಡುವಷ್ಟರಲ್ಲಿ ಗೋಡೆಯ ಗೂಡಿನ ಮೇಲಿಂದ ಒಂದು ಕಲ್ಲು ಕಳಚಿ ಅವಳ ಬಲಗಾಲಿನ ಮೇಲೆ ಬಿತ್ತು. ಮಾವ ತಮ್ಮ ಟಂಟಂನಲ್ಲೇ ಅವಳನ್ನು ಮಲಗಿಸಿಕೊಂಡು ಗಾಂಧಿ ಚೌಕದ ಹತ್ತಿರದ ಎಲುಬಿನ ಡಾಕ್ಟರಲ್ಲಿಗೆ ತಂದರು. ನಾನು ಮೊದಲ ಪಿರಿಯಡ್ ಬಿಟ್ಟು ಓಡಿದೆ. ಚೌಕದ ಗದ್ದಲದಲ್ಲಿ ಆಟೋ ಮುಂದೆ ಹೋಗದಾಯಿತು. ಇಳಿದು, ಜನರನ್ನು ಸರಿಸುತ್ತ ಓಡಿದೆ.

ಪಾದದ ಮೂರು ಎಲುಬು ಮುರಿದಿದ್ದವು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸುವಾಗ ನನಗೆ ಸರಿಯಾಗಿ ನೋಡಲಾಗಲಿಲ್ಲ. ಅಕ್ಕನ ಪಕ್ಕ ಕೂತು, "ನಾ ಹೇಳಿದ್ದಕ್ಕ ಹಿಂಗಾತು" ಎಂದೆ.

ಅವಳ ಬೆರಳಲ್ಲಿ ಇನ್ನೂ ಜೋಳದ ಹಿಟ್ಟು ಅಂಟಿತ್ತು. ನೋವಿಗೆ ತುಟಿ ಕಚ್ಚಿಕೊಂಡೇ ಹೇಳಿದಳು. "ಒಂದ ಸಣ್ಣ ಕಲ್ಲ ಬೇ. ನೀ ಅಂದಂಗ ಗ್ವಾಡಿ ಬಿದ್ದಿಲ್ಲ ನೋಡು. ಹಂಗೇ ನಿಂತೈತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಅವಳ ಬಟ್ಟೆ ತರಲು ಬಬಲೇಶ್ವರಕ್ಕೆ ಹೋದಾಗ ಆ ಗೋಡೆಯನ್ನು ನೋಡಿದೆ. ಕಲ್ಲು ಬಿದ್ದ ಜಾಗದಲ್ಲಿ ಕೈ ಹಾಕಿದರೆ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಎರಡು ಅಡಿಯ ಗೋಡೆ ಎಂದುಕೊಂಡದ್ದು ಒಂದು ಗೋಡೆಯೇ ಆಗಿರಲಿಲ್ಲ. ಹೊರಗೊಂದು ಕಲ್ಲಿನ ಪದರು, ಒಳಗೊಂದು ಪದರು, ನಡುವೆ ಮಣ್ಣು, ಚಿಕ್ಕ ಕಲ್ಲು. ಆ ಮಣ್ಣು ಒಣಗಿ ಹಿಟ್ಟಾಗಿತ್ತು, ಇಲಿ ತೋಡಿದ್ದವು. ನಾನು ಬರೆಯಬೇಕಿದ್ದದ್ದು ಒಂದೇ ಪದರಿನ ದಪ್ಪ, ಅದು ಗೇಣೂ ಇರಲಿಲ್ಲ. ಟೇಪು ಹಿಡಿದು ಅಳೆದ ದಿನ ಒಮ್ಮೆ ಬೆರಳಿನಿಂದ ತಟ್ಟಿದ್ದರೂ ಟೊಳ್ಳು ಸದ್ದು ಕೇಳುತ್ತಿತ್ತು. ತಟ್ಟಿರಲಿಲ್ಲ.

ಪ್ಲಾಸ್ಟರ್ ಬಿಚ್ಚುವವರೆಗೆ ಅಕ್ಕ ನನ್ನ ಮನೆಯಲ್ಲೇ ಇದ್ದಳು. ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಕುಪ್ಪಸ ಹೊಲಿಯುವುದು ಬಾಕಿ ಇದೆ ಎಂದು ಚಡಪಡಿಸುತ್ತಿದ್ದಳು. ಹೊಲಿಗೆ ಯಂತ್ರ ತುಳಿಯಲು ಆ ಕಾಲು ಈಗ ಮೊದಲಿನಂತೆ ಬಗ್ಗುವುದಿಲ್ಲ. ಎಡಗಾಲಿನಲ್ಲೇ ತುಳಿಯುವುದನ್ನು ಕಲಿತಿದ್ದಾಳೆ.

ನೆಲ ಸುಮ್ಮನಾಗಿ ಈಗ ಬಹಳ ದಿನವಾಯಿತು. ಮಾವ ಅಂಗಳದಲ್ಲಿ ಅವಳಿಗೊಂದು ತಗಡಿನ ಶೆಡ್ಡು ಹಾಕಿಸಿದ್ದಾರೆ. ಅಡಿಗೆ, ಹೊಲಿಗೆ, ನಿದ್ದೆ ಎಲ್ಲ ಅದರಲ್ಲೇ. ಮಾವ ಮಾತ್ರ ಹಟ ಹಿಡಿದು ಒಳಗೇ ಉಣ್ಣುತ್ತಾರೆ, ಒಳಗೇ ಮಲಗುತ್ತಾರೆ. ಊಟದ ಹೊತ್ತಿಗೆ ಅಕ್ಕ ಕುಂಟುತ್ತ ಬಂದು, ಹೊಸ್ತಿಲ ಹೊರಗೇ ನಿಂತು, ಎರಡೂ ಕೈ ಚಾಚಿ ತಾಟು ಒಳಗಿಡುತ್ತಾಳೆ. ಅವರು ಎದ್ದು ಬಂದು ಇಸಿದುಕೊಳ್ಳುತ್ತಾರೆ.

ಮೊನ್ನೆ ಹೋದಾಗಲೂ ಹಾಗೇ ಆಯಿತು. ತಾಟು ಇಟ್ಟವಳು ನನ್ನ ಕಡೆ ತಿರುಗಿದಳು.

"ಇನ್ನ ಒಳಗ ಹೋಗಬಹುದೇನ ಬೇ?"

ಮಾವನ ತುತ್ತು ಅರ್ಧಕ್ಕೆ ನಿಂತಿತು. ಅವರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನನ್ನ ಮುಖ ನೋಡಿ ಅಕ್ಕ, "ಇರಲಿ ಬಿಡು, ರೊಟ್ಟಿ ಆರತಾವ" ಎಂದು ಶೆಡ್ಡಿನ ಕಡೆ ನಡೆದಳು. ನಾನೂ ಅವಳ ಹಿಂದೆ ಹೋದೆ.