ಜಿಪುಣ ಪಾಚಿಯ ಮೇಷ್ಟ್ರು

ಜೌಗುನೆಲದ ಮಣ್ಣು ಪರೀಕ್ಷಿಸುವುದೇ ಕಸುಬಾದ ಪಾಚಿ ಮೇಷ್ಟ್ರು, ಯಾರಾದರೂ ಪಾಚಿಯ ಮೇಲೆ ಕಾಲಿಟ್ಟರೆ ತಮ್ಮ ಬೆನ್ನನ್ನೇ ತುಳಿದಂತೆ ಕಿರುಚುತ್ತಾರೆ. ಒಣಗಿದೆಲೆ ತುಂಬಿದ ಬಲೆಚೀಲಗಳನ್ನು ಹುಲ್ಲಿನ ಕೆಳಗೊಂದು, ಪಾಚಿಯ ಕೆಳಗೊಂದು ಹೂತಿಟ್ಟು, ವರ್ಷದ ಮೇಲೆ ತೆಗೆದು, ಯಾವುದೆಷ್ಟು ಕೊಳೆತಿದೆ ಎಂದು ತೂಕಕ್ಕಿಡುತ್ತಾರೆ. "ಹುಲ್ಲು ಧಾರಾಳಿ ಕಣ್ರೀ, ಬೇರಿನಿಂದ ಗಾಳಿ ಇಳಿಸಿ, ಎಲ್ಲಾ ಕೊಳೆಸಿ ಹಂಚಿಬಿಡುತ್ತೆ. ಪಾಚಿ ಕಡುಜಿಪುಣ. ನೀರನ್ನೇ ಹುಳಿ ಮಾಡಿ, ಕೊಳೆಯೋಕೆ ಬಿಡದೆ, ಸತ್ತಿದ್ದನ್ನೂ ಬಿಟ್ಟುಕೊಡಲ್ಲ!" ಮದುವೆಮನೆಯಲ್ಲೂ ಇದೇ ಪುರಾಣ, ಬೀಗರೇ ಕುರ್ಚಿ ಬದಲಿಸಿದ್ದುಂಟು. ಒಣನೆಲದಲ್ಲಿ ಈ ಪಾಚಿ ಬಾಳುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಪ್ರತಿ ಭಾನುವಾರ ಬಕೆಟ್ಟಿನಲ್ಲಿ ಜೌಗಿನ ನೀರು ಹೊತ್ತು ಹೋಗಿ, ಹೆಂಡತಿಯ ಸಮಾಧಿಯ ಮೇಲೆ ಚಿಗುರಿದ ಹುಲ್ಲನ್ನು ಕಿತ್ತು, ಹೊಸ ಪಾಚಿ ಒತ್ತಿ ಬರುತ್ತಾರೆ.