ಹನ್ನೊಂದು ವೀಳ್ಯ, ಹನ್ನೆರಡು ನೀಲಿ

ಎರ್ಮಾಳಿನ ಕುಶಲಾ ಮಣಿಪಾಲದ ಒಂದು ರೋಗಪರೀಕ್ಷಾ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕುಳಿತು ಕೆಲಸ ಮಾಡಿದವಳು. ರೋಗಿಯ ಮೈಯಿಂದ ಡಾಕ್ಟರು ತೆಗೆದು ಕಳಿಸಿದ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರದ ಅಲಗಿಗೆ ಕೊಟ್ಟು ಹಾಳೆ ಹಾಳೆಯಾಗಿ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಚ್ಚುವುದು ಅವಳ ಕೆಲಸ. ಒಂದು ತಲೆಗೂದಲನ್ನು ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳುವೋ ಅಷ್ಟು ತೆಳುವಾಗಿ ಬರಬೇಕು. ದಪ್ಪವಾದರೆ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಚೂರು ಹಾಳಾದರೆ ರೋಗಿಯನ್ನು ಮತ್ತೊಮ್ಮೆ ಕೊಯ್ಯಬೇಕು. ಕುಶಲಾಳ ಕೈಯಲ್ಲಿ ಹಾಳಾದದ್ದು ಇಷ್ಟು ವರ್ಷದಲ್ಲಿ ಎರಡೇ ಸಲ, ಅದೂ ಅಲಗೇ ಸರಿ ಇರಲಿಲ್ಲ ಎಂದು ಅವಳು ಈಗಲೂ ವಾದಕ್ಕೆ ನಿಲ್ಲುತ್ತಾಳೆ.

ಈ ಕೈ ಅವಳಿಗೆ ತಾಯಿಯಿಂದ ಬಂದದ್ದು. ತಾಯಿ ಕಾಪು ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದವರು. ಅಂಜಲ್ ಮೀನು ತುಂಡು ಮಾಡಲು ಕೂತರೆ ಒಂದು ತುಂಡಿಗೂ ಇನ್ನೊಂದಕ್ಕೂ ಕೂದಲಿನಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಮಗಳಿಗೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿದಾಗ, ನಾನು ಮೀನು ಕೊಯ್ಯುತ್ತೇನೆ, ಅವಳು ಮನುಷ್ಯರನ್ನು ಕೊಯ್ಯುತ್ತಾಳೆ, ಸಂಬಳ ಅವಳಿಗೇ ಜಾಸ್ತಿ ಎಂದು ಗಿರಾಕಿಗಳ ಹತ್ತಿರ ಹೇಳಿ ನಗುತ್ತಿದ್ದರಂತೆ. ಉಡುಪಿ, ಕಾರ್ಕಳದ ಡಾಕ್ಟರುಗಳು ಚೀಟಿಯ ಮೂಲೆಯಲ್ಲಿ ‘ಕುಶಲಾ ಅವರೇ ಮಾಡಲಿ’ ಎಂದು ಬರೆದು ಕಳಿಸುವುದಿತ್ತು. ಅಂಥ ಚೀಟಿ ಒಂದನ್ನೂ ಅವಳು ಎಸೆದವಳಲ್ಲ. ಹೊಗಳಿಕೆ ನನಗೆ ಬೇಡಪ್ಪ ಎನ್ನುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ; ಕುಶಲಾ ಅವರ ಪೈಕಿ ಅಲ್ಲ.

ಹೀಗೆ ನಡೆಯುತ್ತಿದ್ದ ಕಡೆಗೆ ಕಳೆದ ವರ್ಷ ಗಾನವಿ ಬಂದಳು. ಇಪ್ಪತ್ತೇಳು ವರ್ಷದ ಹುಡುಗಿ. ಮನೆ ಕಾರ್ಕಳ, ಬೆಳೆದದ್ದು ತಂದೆ ಕೆಲಸದಲ್ಲಿದ್ದ ಬಹರೈನಿನಲ್ಲಿ. ಓದಿದ್ದು ನ್ಯಾನೋ ತಂತ್ರಜ್ಞಾನ. ಬರುವಾಗ ಅವಳ ಜೊತೆ ಬಂದದ್ದು ಸಣ್ಣ ಸಣ್ಣ ಕೊಳವೆಗಳಲ್ಲಿ ತುಂಬಿದ ಕೆಂಪು ನೀರು. ಅದು ಚಿನ್ನವಂತೆ. ಚಿನ್ನವನ್ನು ಯಾವ ಸೂಕ್ಷ್ಮದರ್ಶಕಕ್ಕೂ ಸುಲಭಕ್ಕೆ ಕಾಣದಷ್ಟು ಸಣ್ಣ ಕಣ ಮಾಡಿದರೆ ಹಳದಿ ಹೋಗಿ ಕೆಂಪು ಬರುತ್ತದಂತೆ. ಅದಕ್ಕೆ ಒಬ್ಬರ ಎಂಜಲಿನ ಎರಡು ಹನಿ ಹಾಕಬೇಕು. ಬಾಯಿ ಕ್ಯಾನ್ಸರಿನ ಗುರುತು ಎಂಜಲಿನಲ್ಲಿದ್ದರೆ ಚಿನ್ನದ ಕಣಗಳು ಒಂದಕ್ಕೊಂದು ಅಂಟಿಕೊಂಡು ನೀರು ನೀಲಿಯಾಗುತ್ತದೆ, ಇಲ್ಲದಿದ್ದರೆ ಕೆಂಪಾಗಿಯೇ ಉಳಿಯುತ್ತದೆ. ಹತ್ತು ನಿಮಿಷದ ಕೆಲಸ, ಕೊಯ್ಯುವುದಿಲ್ಲ, ನೋವಿಲ್ಲ. ಮುಂದೊಂದು ದಿನ ಇಂಥದೇ ಕಣಗಳನ್ನು ಗಡ್ಡೆಯೊಳಗೆ ಸೇರಿಸಿ, ಹೊರಗಿನಿಂದ ಬೆಳಕು ಬಿಟ್ಟು ಬಿಸಿ ಮಾಡಿ, ಗಡ್ಡೆಯನ್ನಷ್ಟೇ ಸುಟ್ಟು ಹಾಕಬಹುದು, ಆ ಪ್ರಯತ್ನವೂ ನಡೆಯುತ್ತಿದೆ ಎಂದು ಗಾನವಿ ಎಲ್ಲರನ್ನೂ ಕೂರಿಸಿ ವಿವರಿಸಿದಳು. ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಅನಂತೇಶ ಖುಷಿಯಿಂದ, ಇನ್ನು ಹತ್ತು ವರ್ಷಕ್ಕೆ ಈ ಕೊಯ್ದು ನೋಡುವ ರಗಳೆಯೇ ಇರಲಿಕ್ಕಿಲ್ಲ ಎಂದರು. ಆ ರಗಳೆ ಮಾಡುವವಳು ಅವರ ಹಿಂದೆಯೇ ಸ್ಟೂಲಿನ ಮೇಲಿದ್ದಳು.

ಅವತ್ತು ಹೊತ್ತಿದ್ದು ಮತ್ತೆ ಆರಲಿಲ್ಲ. ಕಿಟಕಿ ಪಕ್ಕದ ಮೇಜು ಗಾನವಿಗೆ ಹೋಯಿತು. ನೋಡಲು ಬಂದವರೆಲ್ಲ ಕೆಂಪು ನೀರಿನ ಮುಂದೆ ಫೋಟೋ ತೆಗೆಸಿಕೊಂಡರು. ಒಂದು ಸಲ ಫೋಟೋದವನು ಕುಶಲಾಳಿಗೆ ಸ್ವಲ್ಪ ಆಚೆ ಹೋಗಲು ಹೇಳಿದ, ಹಳೆಯ ಯಂತ್ರ ಚಿತ್ರದಲ್ಲಿ ಬೀಳುತ್ತದೆಯಂತೆ. ಹುಡುಗಿ ಕೆಟ್ಟವಳಾಗಿದ್ದರೆ ಬಾಯ್ತುಂಬ ಬಯ್ದು ಹಗುರಾಗಬಹುದಿತ್ತು. ಅವಳು ಕುಶಲಕ್ಕ ಕುಶಲಕ್ಕ ಎನ್ನುತ್ತಿದ್ದಳು, ಬಹರೈನಿನ ಖರ್ಜೂರ ತಂದುಕೊಡುತ್ತಿದ್ದಳು. ಆ ಖರ್ಜೂರವನ್ನು ಕುಶಲಾ ಮನೆಗೆ ತಂದು ಗಂಡ ವಿಠಲನ ಮುಂದೆ ಇಟ್ಟು, ಹುಡುಗಿಯ ತಪ್ಪುಗಳನ್ನು ಒಂದೊಂದಾಗಿ ಹೇಳಿದಳು. ವಿಠಲ ಖರ್ಜೂರ ತಿನ್ನುತ್ತ ಎಲ್ಲ ಕೇಳಿ, ಇದಕ್ಕೆ ಹೊಟ್ಟೆಕಿಚ್ಚು ಅಂತಾರೆ ಮಾರಾಯ್ತಿ ಎಂದ. ಆ ದಿನ ಅವನಿಗೆ ಎರಡನೇ ಸಲ ಮೀನುಸಾರು ಸಿಗಲಿಲ್ಲ.

ಕುಶಲಾಳಿಗೆ ಊಟದ ನಂತರ ಎಲೆ-ಅಡಿಕೆ ಬೇಕು. ಹೊಗೆಸೊಪ್ಪು ಇಲ್ಲ, ಬರೀ ಎಲೆ, ಅಡಿಕೆ, ಸುಣ್ಣ. ಒಂದು ಮಧ್ಯಾಹ್ನ ಗಾನವಿ ಊಟಕ್ಕೆ ಹೋಗಿದ್ದಾಗ, ಏನಿದು ನೋಡುವ ಎಂದು ತನ್ನದೇ ಎಂಜಲನ್ನು ಒಂದು ಕೊಳವೆಗೆ ಹಾಕಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ನೀರು ನೀಲಿಯಾಯಿತು. ಅವಳು ಕೊಳವೆಯನ್ನು ತೊಳೆದು ಇಟ್ಟಳು. ಎರಡು ದಿನ ಯಾರಿಗೂ ಹೇಳಲಿಲ್ಲ, ಅನ್ನ ಸೇರಲಿಲ್ಲ, ಎಲೆಯೂ ಬೇಡವಾಯಿತು. ಕನ್ನಡಿ ಹಿಡಿದು ನಾಲಿಗೆ ಎತ್ತಿ ಎತ್ತಿ ನೋಡಿಕೊಂಡಳು. ಮೂರನೇ ದಿನ ಬಸ್ಸಿನಲ್ಲಿ ಕೂತಿದ್ದಾಗ ಒಂದು ಮಾತು ಹೊಳೆಯಿತು: ಕ್ಯಾನ್ಸರ್ ನೀಲಿ ಮಾಡಲು ಹತ್ತು ನಿಮಿಷ ಬೇಕು ಎಂದಿದ್ದಳು ಗಾನವಿ, ತನ್ನದು ಹಾಕಿದ ಕೂಡಲೇ ಆಯಿತಲ್ಲ? ಅವತ್ತು ಬರಿಬಾಯಿಯಲ್ಲಿ ಮತ್ತೆ ಪರೀಕ್ಷೆ ಮಾಡಿದಳು. ಹತ್ತು ನಿಮಿಷ, ಅರ್ಧ ಗಂಟೆ ಕಾದರೂ ಕೆಂಪು ಕೆಂಪಾಗಿಯೇ ಇತ್ತು. ಇನ್ನೊಂದು ಕೊಳವೆಗೆ ಸುಣ್ಣದ ತಿಳಿ ಒಂದು ಹನಿ ಬಿಟ್ಟಳು. ನೀಲಿ.

ಹೋದ ಜೀವ ಬಂದ ಹಾಗಾಯಿತು. ಅದರ ಹಿಂದೆಯೇ ಒಂದು ಸಂತೋಷವೂ ಬಂತು. ಬಹರೈನಿನಲ್ಲಿ ಬೆಳೆದವಳಿಗೆ ಸುಣ್ಣದ ಸುದ್ದಿ ಗೊತ್ತಿಲ್ಲ! ಅವಳು ಕೇಳುವ ಪ್ರಶ್ನೆಪತ್ರದಲ್ಲಿ ಇದ್ದದ್ದು ತಂಬಾಕು ಜಗಿಯುತ್ತೀರಾ ಎಂದು ಮಾತ್ರ. ನಮ್ಮ ಕಡೆ ಊಟದ ಮೇಲೆ ಒಂದು ಎಲೆ ಹಾಕಿಕೊಳ್ಳುವುದನ್ನು ಜಗಿಯುವುದು ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅದು ಮರ್ಯಾದೆ. ಇಲ್ಲ ಎಂದೇ ಎಲ್ಲರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಕುಶಲಾ ಈ ಗುಟ್ಟನ್ನು ಬಾಯಲ್ಲಿಟ್ಟುಕೊಂಡು ಎರಡು ತಿಂಗಳು ಸುಮ್ಮನಿದ್ದಳು.

ಆಮೇಲೆ ಬೆಳ್ಮಣ್‌ನಲ್ಲಿ ಒಂದು ಶಿಬಿರ ಆಯಿತು. ಲ್ಯಾಬಿನ ಹೊರಗೆ, ಊರವರ ಮೇಲೆ ಗಾನವಿಯ ಮೊದಲ ಪರೀಕ್ಷೆ. ಇದು ಸರಿ ಬಂದರೆ ಕೆಲಸ ಮುಂದುವರಿಯುತ್ತದೆ, ಕೆಟ್ಟರೆ ನಿಲ್ಲುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸಭಾಭವನಕ್ಕೆ ಮೂವತ್ತು ಜನ ಬಂದರು. ಮಹಿಳಾ ಮಂಡಳಿಯವರು ಚಾ, ಗೋಳಿಬಜೆ ಕೊಟ್ಟು, ಕೊನೆಗೆ ಹರಿವಾಣದಲ್ಲಿ ಎಲೆ-ಅಡಿಕೆ ತಂದರು. ಒಳಗಿನ ಕೋಣೆಯಲ್ಲಿ ಕೊಳವೆ ಜೋಡಿಸುತ್ತಿದ್ದ ಗಾನವಿ ಅದನ್ನು ನೋಡಲಿಲ್ಲ. ಎಂಜಲು ಸಂಗ್ರಹಿಸಲು ಜೊತೆಗೆ ಹೋಗಿದ್ದ ಕುಶಲಾ ನೋಡಿದಳು. ನೋಡಿ ಸುಮ್ಮನಿದ್ದಿದ್ದರೆ ಅದು ಒಂದು ಪಾಪ. ಅವಳು ಎದ್ದು ಹೋಗಿ, ನೀವು ಕೂತುಕೊಳ್ಳಿ, ನಾನು ಕೊಡ್ತೇನೆ ಎಂದು ಹರಿವಾಣವನ್ನು ಕೈಗೆ ತೆಗೆದುಕೊಂಡಳು. ಒಬ್ಬೊಬ್ಬರ ಎದುರೂ ಬಗ್ಗಿ, ಎಲೆಯ ಬೆನ್ನಿಗೆ ತನ್ನ ಬೆರಳಿನಿಂದಲೇ ಧಾರಾಳ ಸುಣ್ಣ ಸವರಿ, ಮಡಚಿ ಕೊಟ್ಟಳು. ಹನ್ನೊಂದು ಜನ ತೆಗೆದುಕೊಂಡರು. ಎಣಿಸುತ್ತಲೇ ಇದ್ದಳು. ಕೊನೆಯ ಕುರ್ಚಿಯಲ್ಲಿದ್ದವರು ಅಂಬಲಪಾಡಿಯಿಂದ ಬೆಳ್ಮಣ್‌ಗೆ ಮದುವೆಯಾಗಿ ಬಂದು, ಅಲ್ಲಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಸುಭಾಷಿಣಿ ಟೀಚರು. ಅವರು ಚಾವನ್ನೂ ಮುಟ್ಟಿರಲಿಲ್ಲ. ಇವತ್ತು ಏಕಾದಶಿ, ಅಲ್ಲದಿದ್ದರೂ ನಾನು ಎಲೆ ತಿಂದವಳೇ ಅಲ್ಲ ಎಂದು ಕೈಮುಗಿದರು.

ಒಂದು ಗಂಟೆಯ ನಂತರ ಗಾನವಿಯ ಮುಖ ನೋಡಬೇಕಿತ್ತು. ಕೊಳವೆಗಳ ಸಾಲು ಅಲ್ಲಲ್ಲಿ ನೀಲಿಯಾಗಿತ್ತು. ಇಂಥ ಸಣ್ಣ ಊರಿನಲ್ಲಿ ಇಷ್ಟು ಜನರಿಗೆ ಕ್ಯಾನ್ಸರ್ ಇರಲು ಸಾಧ್ಯವೇ ಇಲ್ಲ ಎಂದು ಅವಳಿಗೂ ಗೊತ್ತು. ವ್ಯಾನಿನಲ್ಲಿ ಬರುವಾಗ ಅವಳು ಕಿಟಕಿ ಕಡೆ ತಿರುಗಿ ಅತ್ತಳು. ಕುಶಲಾ ಪಕ್ಕದಲ್ಲಿ ಕೂತು, ಹೋಗಲಿ ಬಿಡಿ ಎಂದು ಬೆನ್ನು ಸವರಿದಳು. ಹೊಟ್ಟೆ ಅಷ್ಟು ತಂಪಾಗಿ ಎಷ್ಟು ತಿಂಗಳಾಗಿತ್ತೋ.

ಆ ವಾರದಲ್ಲಿ ಡಾಕ್ಟರ್ ಅನಂತೇಶ ನೀಲಿ ಬಂದವರನ್ನೆಲ್ಲ ಕರೆಸಿ ಬಾಯಿ ನೋಡಿದರು. ಕಣ್ಣಿಗೆ ಯಾರಲ್ಲೂ ಏನೂ ಕಾಣಲಿಲ್ಲ. ಸೋಮವಾರ ಎಲ್ಲರ ಎದುರು ಪಟ್ಟಿ ಹಿಡಿದುಕೊಂಡು, ಹನ್ನೆರಡು ನೀಲಿ, ಹನ್ನೆರಡೂ ಸುಳ್ಳು ಎಂದರು. ಸುಭಾಷಿಣಿ ಟೀಚರ ಹೆಸರಿನ ಮೇಲೆ ಬೆರಳಿಟ್ಟು, ಇವರನ್ನೇ ನೋಡಿ, ತಂಬಾಕು ಬಿಡಿ, ಅವರೇ ಹೇಳಿದ ಹಾಗೆ ಎಲೆಯನ್ನೂ ಮುಟ್ಟಿದವರಲ್ಲ, ಇವರಿಗೂ ನೀಲಿ ಬಂದಿದೆ ಎಂದರೆ ಈ ಪರೀಕ್ಷೆಗೆ ಅರ್ಥವಿಲ್ಲ ಎಂದರು. ಯಾರನ್ನೂ ಕೊಯ್ದು ನೋಡುವುದು ಬೇಡ, ಹೆದರಬೇಡಿ ಎಂದು ಎಲ್ಲರಿಗೂ ಫೋನ್ ಮಾಡಿ, ಫೈಲು ಮುಚ್ಚಿ ಎಂದು ಹೇಳಿ ಹೋದರು. ಗಾನವಿ ತನ್ನ ಕೊಳವೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು.

ಕುಶಲಾಳಿಗೆ ಗೆದ್ದೆ ಎನಿಸಬೇಕಿತ್ತು. ಆದರೆ ಆ ಒಂದು ಸಂಖ್ಯೆ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ತಾನು ಕೊಟ್ಟ ವೀಳ್ಯ ಹನ್ನೊಂದು. ನೀಲಿ ಹನ್ನೆರಡು. ಸುಣ್ಣವೇ ತಾಗದ ಬಾಯಿ ನೀಲಿಯಾಗಬೇಕಾದರೆ ಅದಕ್ಕೆ ಕಾರಣ ಒಂದೇ. ಹನ್ನೆರಡೂ ಸುಳ್ಳು ಎನ್ನಲು ಡಾಕ್ಟರು ಯಾವ ಹೆಸರನ್ನು ಸಾಕ್ಷಿ ಮಾಡಿದರೋ, ನಿಜವಾದದ್ದು ಆ ಒಂದೇ ಹೆಸರು. ಇದು ಗೊತ್ತಿದ್ದವಳು ಈ ಭೂಮಿಯ ಮೇಲೆ ತಾನೊಬ್ಬಳೇ.

ಮರುದಿನ ಇಡೀ ಅವಳು ತನ್ನ ಜೊತೆ ಚೌಕಾಸಿ ಮಾಡಿದಳು. ಹೆಸರಿಲ್ಲದೆ ಟೀಚರಿಗೆ ಫೋನ್ ಮಾಡಿದರೆ? ಡಾಕ್ಟರೇ ಏನೂ ಇಲ್ಲ ಎಂದ ಮೇಲೆ ಯಾರು ನಂಬುತ್ತಾರೆ? ಹೇಳಿದರೆ ಕೆಲಸ ಹೋಗಬಹುದು, ಇಪ್ಪತ್ತಾರು ವರ್ಷದ ಹೆಸರಂತೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಗಾನವಿ ಗೆಲ್ಲುತ್ತಾಳೆ. ಈ ಕೊನೆಯದು ಕೆಲಸ ಹೋಗುವುದಕ್ಕಿಂತ ಜಾಸ್ತಿ ಉರಿಸಿತು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಕನ್ನಡಿ ಹಿಡಿದು ನಾಲಿಗೆ ನೋಡಿಕೊಂಡ ಆ ಎರಡು ದಿನ ಅವಳಿಗೆ ಮರೆತಿರಲಿಲ್ಲ. ತನ್ನದು ಸುಳ್ಳು ನೀಲಿ, ಆ ಹೆಂಗಸಿನದು ನಿಜದ್ದು, ಮತ್ತು ಆ ಹೆಂಗಸು ಈಗ ನಿಶ್ಚಿಂತೆಯಿಂದ ಊಟ ಮಾಡುತ್ತಿದ್ದಾಳೆ.

ಬುಧವಾರ ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋದಳು. ಗಾನವಿಯೂ ಅಲ್ಲಿದ್ದಳು.

“ಹನ್ನೊಂದು ನೀಲಿ ನನ್ನದು ಡಾಕ್ಟ್ರೇ. ಸುಭಾಷಿಣಿ ಟೀಚರದ್ದು ಮಾತ್ರ ಇವರದ್ದು,” ಎಂದಳು. ಹರಿವಾಣ, ಸುಣ್ಣ, ಎಣಿಕೆ ಎಲ್ಲವನ್ನೂ ಹೇಳಿದಳು.

ಗಾನವಿ ಕೇಳಿದಳು: “ಸುಣ್ಣದ ವಿಷಯ ನಿಮಗೆ ಯಾವಾಗ ಗೊತ್ತಾಯ್ತು ಕುಶಲಕ್ಕ?”

“ಎರಡು ತಿಂಗಳ ಮೇಲಾಯ್ತು.”

“ಯಾಕೆ ಹೇಳಲಿಲ್ಲ?”

“ಹೊಟ್ಟೆಕಿಚ್ಚು. ಬೇರೆ ಎಂತ ಹೇಳಿದ್ರೂ ಸುಳ್ಳಾಗ್ತದೆ.”

ಕೆಲಸ ಹೋಗಲಿಲ್ಲ. ಬರೆದು ಕೊಡಬೇಕಾಯಿತು, ಬೆಳ್ಮಣ್‌ಗೆ ಹೋಗಿ ಹನ್ನೊಂದು ಜನರ ಮನೆ ಮೆಟ್ಟಿಲಲ್ಲೂ ತಪ್ಪಾಯಿತು ಎನ್ನಬೇಕಾಯಿತು, ವರ್ಷದ ಬಡ್ತಿ ನಿಂತಿತು. ಸುಭಾಷಿಣಿ ಟೀಚರನ್ನು ಅದೇ ವಾರ ಮತ್ತೆ ಕರೆಸಿದರು. ದೊಡ್ಡ ದೀಪ ಹಿಡಿದು ನೋಡಿದಾಗ ನಾಲಿಗೆಯ ಅಂಚಿನಲ್ಲಿ, ಮುರಿದ ಹಲ್ಲೊಂದು ವರ್ಷಗಟ್ಟಲೆ ಉಜ್ಜಿದ ಜಾಗದಲ್ಲಿ, ಎಳ್ಳಿನಷ್ಟು ಬಿಳುಪು ಕಂಡಿತು. ಅಲ್ಲಿಂದ ತೆಗೆದ ಚೂರು ಅಕ್ಕಿಕಾಳಿಗಿಂತ ಸಣ್ಣದು. ಹಾಳಾದರೆ ಇನ್ನೊಂದು ಸಿಗುವುದು ಕಷ್ಟ. ಡಾಕ್ಟರು ಅದನ್ನು ತಂದು, ಮುಖ ನೋಡದೆ, ನೀವೇ ಮಾಡಿ ಎಂದು ಕುಶಲಾಳ ಮುಂದೆ ಇಟ್ಟರು.

ಆ ದಿನ ಕೊಯ್ದ ಹಾಗೆ ಅವಳು ಹಿಂದೆಯೂ ಕೊಯ್ದಿರಲಿಲ್ಲ, ಮುಂದೆಯೂ ಕೊಯ್ಯಲಾರಳು. ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗುವ ಮೊದಲು, ಏನೂ ಇಲ್ಲದಿರಲಿ ದೇವರೇ ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ಒಳ್ಳೆಯ ಪ್ರಾರ್ಥನೆ. ಅದು ಟೀಚರು ಉಳಿಯಲಿ ಎಂದೋ, ಗಾನವಿ ಸೋಲಲಿ ಎಂದೋ? ಯಾರೂ ಕೇಳಲಿಲ್ಲ, ಅವಳೇ ಕೇಳಿಕೊಂಡಳು, ಉತ್ತರಕ್ಕೆ ನಾಚಿದಳು. ಬಗ್ಗಿ ನೋಡಿದರೆ ಕೆಟ್ಟ ಜೀವಕೋಶಗಳ ಸಣ್ಣ ಗುಂಪು ಅಲ್ಲೇ ಇತ್ತು. ಈಗಷ್ಟೇ ಬೇರು ಬಿಡಲು ಹೊರಟದ್ದು. ಚಿನ್ನ ಸರಿಯಾಗಿಯೇ ಹೇಳಿತ್ತು.

ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಿಗೆ ಟೀಚರು ಲ್ಯಾಬಿಗೆ ಬಂದರು. ಮಾತು ಸ್ವಲ್ಪ ತೊದಲುತ್ತಿತ್ತು, ಮುಖದಲ್ಲಿ ಕಳೆಯಿತ್ತು. ಕೈಯಲ್ಲಿ ಒಂದು ಚೆಂಡು ಶಂಕರಪುರ ಮಲ್ಲಿಗೆ. ಪರೀಕ್ಷೆಗೆ ಮೊದಲು ಎಲೆ ತಿಂದಿದ್ದೀರಾ ಎಂದು ಈಗ ಪ್ರಶ್ನೆಪತ್ರದಲ್ಲಿ ಸೇರಿದೆ, ಗಾನವಿಯ ಕೆಲಸ ಮುಂದುವರಿದಿದೆ, ಕಿಟಕಿ ಪಕ್ಕದ ಮೇಜಿನಲ್ಲಿ ಕೊಳವೆಗಳು ಮತ್ತೆ ಸಾಲಾಗಿ ನಿಂತಿವೆ. ಟೀಚರು ಸೀದಾ ಅಲ್ಲಿಗೆ ಹೋಗಿ, ನನ್ನ ಜೀವ ಉಳಿಸಿದ್ದು ನೀನು ಮಗಾ ಎಂದರು. ಗಾನವಿ ಕುಶಲಾಳ ಕಡೆ ನೋಡಿದಳು. ಆ ಬುಧವಾರದಿಂದ ಅವರಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಇರಲಿಲ್ಲ.

“ಇವರು ಹೇಳದಿದ್ರೆ ನಿಮ್ಮನ್ನು ನಾವು ಕರೆಸ್ತಾನೇ ಇರಲಿಲ್ಲ ಟೀಚರ್,” ಎಂದಳು.

ಟೀಚರು ಆಶ್ಚರ್ಯದಿಂದ ತಿರುಗಿದರು; ಆಸ್ಪತ್ರೆಯಲ್ಲಿದ್ದ ಅವರ ಕಿವಿಗೆ ಆ ಹನ್ನೊಂದು ಮನೆಯ ಸುದ್ದಿ ಬಿದ್ದಿರಲಿಲ್ಲ. “ಹೌದಾ? ಎಂತ ಹೇಳಿದ್ರಿ ನೀವು?”

ಗಾನವಿ ಕೊಳವೆಗಳ ಕಡೆ ತಲೆ ತಗ್ಗಿಸಿದಳು. ಅದಕ್ಕಿಂತ ಮುಂದಿನದನ್ನು ಹೇಳುವುದು ತನ್ನ ಕೆಲಸವಲ್ಲ ಎಂಬಂತೆ.

“ನೀವು ಅವತ್ತು ಎಲೆ ತಿನ್ನಲಿಲ್ಲ ಅಂತ ಹೇಳಿದೆ,” ಎಂದಳು ಕುಶಲಾ.

“ಅಷ್ಟೇನಾ?”

“ಅಷ್ಟೇ.”

ಅದನ್ನು ನಮ್ಮ ಬೀದಿಯ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು ಎಂದು ಟೀಚರು ನಕ್ಕು, ಮಲ್ಲಿಗೆಯ ಚೆಂಡನ್ನು ಗಾನವಿಯ ಕೈಯಲ್ಲಿಟ್ಟರು. ಲ್ಯಾಬಿನ ತುಂಬ ಪರಿಮಳ ಹರಡಿತು. ಕುಶಲಾ ಸ್ಟೂಲಿನ ಮೇಲೆ ಕುಳಿತು ಆ ಮಲ್ಲಿಗೆಯನ್ನೇ ನೋಡಿದಳು. ಹೊಟ್ಟೆ ಉರಿಯಿತು, ಮೊದಲಿನಷ್ಟೇ ಉರಿಯಿತು. ಈ ಸಲ ಅದಕ್ಕೆ ಯಾರನ್ನೂ ಬಯ್ಯುವ ಹಾಗಿರಲಿಲ್ಲ.