ಮಗ್ಗ ನಿಲ್ಲುವುದರೊಳಗೆ ಅರಮನೆ

“ದಾರಿ ಬಿಡಲೇ ಮುದುಕಾ! ಒಂದ ಕಾಲ ಕುಣ್ಯಾಗ ಐತಿ, ಇನ್ನೂ ಬಾಗಲಾ ಕಾಯ್ತಿ?”

ಮುತ್ತಣ್ಣ ಬೈದದ್ದು ಕಂಪ್ಯೂಟರ್ ಆಟದೊಳಗಿನ ಮುದಿ ಕಾವಲುಗಾರನನ್ನು. ಆದರೆ ಅದೇ ಹೊತ್ತಿಗೆ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದವನು ಗಲಗಲಿಯಿಂದ ಬಂದ ಮಾವ ಲಗಮಣ್ಣ. ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು.

“ನಿಮಗಲ್ರೀ ಮಾವಾರ! ಇಂವಗ್ರಿ, ಇಲ್ಲಿ ಒಳಗ ಅದಾನಲ್ರಿ…”

“ಇರಲಿ ತಗೋರಿ ಅಳಿಯಂದ್ರ. ನಾ ಏನ್ ಹುಡುಗ ಅದೀನೇನು?” ಎಂದು ಲಗಮಣ್ಣ ಹೆಗಲ ಕಂಬಳಿ ಹಾಸಿಕೊಂಡು ಕೂತ. ನೀರನ್ನೂ ಕೇಳಲಿಲ್ಲ.

ಮುತ್ತಣ್ಣ ಬನಹಟ್ಟಿಯ ನೂಲಿನ ಅಂಗಡಿಯೊಂದರಲ್ಲಿ ಗುಮಾಸ್ತ. ನೂಲು ಸಿಕ್ಕಾದರೆ ಬಿಡಿಸಬಲ್ಲ. ತಾನು ಸಿಕ್ಕಿಬಿದ್ದರೆ ಬಿಡಿಸಿಕೊಳ್ಳಲಾರ. ಮದುವೆಯ ವರ್ಷ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದಿದ್ದ. ಅದರಲ್ಲೊಂದು ಆಟವಿತ್ತು: ಹಾಳೂರು ದಾಟಿ, ಅರಮನೆ ಹೊಕ್ಕು, ನಿಧಿ ಹುಡುಕುವುದು. ಮೊದಮೊದಲು ಆರಾಮಾಗಿ ಆಡುತ್ತಿದ್ದ. ಆಟದೊಳಗಿನ ಬಾವಿಕಟ್ಟೆಯ ಅಜ್ಜಿಯನ್ನೂ ಮಾತನಾಡಿಸಿಕೊಂಡೇ ಮುಂದೆ ಹೋಗುತ್ತಿದ್ದ. ಒಂದು ದಿನ ಅರಮನೆಯ ಮೆಟ್ಟಿಲ ಮೇಲೆ ನಿಂತು ಆಟವನ್ನು ಸೇವ್ ಮಾಡುತ್ತಿದ್ದಾಗಲೇ ಕರೆಂಟು ಹೋಯಿತು. ಮರಳಿ ಬಂದಾಗ, ಉಳಿಸಿದ್ದ ಆಟವೇ ಕೆಟ್ಟುಹೋಗಿತ್ತು.

ಸಿಟ್ಟಿನಲ್ಲಿ ಮುತ್ತಣ್ಣ ಆಣೆ ಮಾಡಿದ. ಇನ್ನು ಸೇವ್ ಎಂಬ ಸೇವೆಯೇ ಬೇಡ. ಓಣಿಯ ಪವರ್‌ಲೂಮ್ ಮಗ್ಗಗಳು ಖಟಖಟ ಎಂದಾಗ ಶುರು, ಕರೆಂಟು ಹೋಗಿ ಅವು ನಿಲ್ಲುವುದರೊಳಗೆ ಮುಗಿಸಬೇಕು. ನೇಮಗಳು ಬೆಳೆಯುತ್ತಲೇ ಹೋದವು: ಕತ್ತಿ ಹಿಡಿಯಬಾರದು, ಯಾರನ್ನೂ ಮಾತನಾಡಿಸಬಾರದು, ನಡುವೆ ಕುರ್ಚಿ ಬಿಟ್ಟು ಏಳಬಾರದು. ಸೋಮವಾರದ ಒಪ್ಪೊತ್ತನ್ನೂ ತಡೆಯಲಾರದ ಮನುಷ್ಯ ಇದಕ್ಕೆ ಮಾತ್ರ ಕಡುವ್ರತಸ್ಥ. “ನಮ್ಮ ಮುತ್ತಣ್ಣನಂಗ ಆ ಆಟದಾಗ ಓಡಾವ ಜಿಲ್ಲಾದಾಗ ಇಲ್ಲ ನೋಡ್ರಿ” ಎಂದು ಪಕ್ಕದ ಅಂಗಡಿಯ ಪರಮಾನಂದ ಗಿರಾಕಿಗಳಿಗೆ ಹೇಳುತ್ತಿದ್ದ. ಮುತ್ತಣ್ಣ ಒಳಗೇ ಉಬ್ಬುತ್ತಿದ್ದ.

ಹೆಂಡತಿ ಭಾಗ್ಯಾ ಬಾಣಂತನಕ್ಕೆ ತವರಿನಲ್ಲಿದ್ದಳು. ಹೋದ ವಾರ ಅವಳ ಫೋನು ಬಂದಾಗ ಮುತ್ತಣ್ಣ ಅರಮನೆಯ ಬಾಗಿಲಲ್ಲಿದ್ದ. ಫೋನು ಕಿಟಕಿಯಲ್ಲಿತ್ತು, ಎದ್ದರೆ ನೇಮ ಮುರಿಯುತ್ತದೆ. ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಮುಗಿಸಿ ಮಾಡಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಮಗ್ಗಗಳು ನಿಂತವು, ಪರದೆ ಕಪ್ಪಾಯಿತು. ಮರಳಿ ಫೋನು ಮಾಡಿದರೆ ಆ ಕಡೆ ಯಾರೂ ಎತ್ತಲಿಲ್ಲ. ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿದ್ದ ಕೂಸನ್ನು ಲಗಮಣ್ಣ ಯಾರದೋ ಬೈಕಿನಲ್ಲಿ ಬೀಳಗಿಯ ದವಾಖಾನೆಗೆ ಒಯ್ದಿದ್ದ.

ಕೂಸು ಉಳಿಯಿತು. ಭಾಗ್ಯಾ ಮಾತ್ರ ಅಂದಿನಿಂದ ಫೋನಿಗೆ ಬಂದಿಲ್ಲ. ಮುತ್ತಣ್ಣ ಒಮ್ಮೆ ಬಸ್ಸು ಹತ್ತಿ ಜಮಖಂಡಿಯವರೆಗೆ ಹೋಗಿ, ಮುಖ ತೋರಿಸಲು ಧೈರ್ಯ ಸಾಲದೆ ತಿರುಗಿ ಬಂದಿದ್ದ. ಬಂದು ಮಾಡಿದ್ದೇನು? ಮತ್ತೆ ಅದೇ ಕುರ್ಚಿ.

“ಭಾಗ್ಯಾ ಬರಂಗಿಲ್ಲ ಅಂತಾಳೇನ್ರಿ?” ಎಂದು ಮುತ್ತಣ್ಣ ಮಾವನನ್ನು ಕೇಳಿದ.

“ಹಂಗೇನ್ ಅಂದಿಲ್ಲ. ಒಂದ ಮಾತ ಕೇಳ್ಕೊಂಡ ಬಾ, ಆಮ್ಯಾಲ ಹೇಳ್ತೇನಿ ಅಂದಾಳ.”

ಅಷ್ಟರಲ್ಲಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಪರದೆಯ ಮುದುಕನೂ ಮಾಯವಾದ. ಪರದೆಯ ಹೊರಗಿದ್ದ ಮುದುಕ ಕೇಳಿದ:

“ಕೂಸಿಗಿಂತಾ ಹೆಚ್ಚಿಂದು ಏನೈತ್ರಿ, ಆ ಆಟದ ಕೊನೀಗೆ?”

ಮುತ್ತಣ್ಣ ಕಪ್ಪು ಪರದೆಯನ್ನು ನೋಡಿದ, ಮಾವನನ್ನು ನೋಡಿದ.

“ಗೊತ್ತಿಲ್ರಿ ಮಾವಾರ. ಅಲ್ಲೀತನಕ ಇನ್ನೂ ಒಮ್ಮಿನೂ ಹೋಗಿಲ್ಲ.”